ಕಾಕಾ ಹೇಳದ ಓಟಿಪಿ

ಬ್ಯಾಂಕಿನಿಂದ ಮೊಬೈಲಿಗೆ ಆರು ಅಂಕಿಯ ಓಟಿಪಿ ಬರುತ್ತದಲ್ಲ, ಅದರ ಬೆನ್ನಿಗೇ ‘ಇದನ್ನು ಯಾರಿಗೂ ಹೇಳಬೇಡಿ’ ಎಂಬ ಎಚ್ಚರಿಕೆಯೂ ಇರುತ್ತದೆ. ನಾವು ನೀವು ಅದನ್ನು ಓದುವ ಗೋಜಿಗೇ ಹೋಗುವುದಿಲ್ಲ. ಆದರೆ ಆ ಒಂದು ಸಾಲನ್ನು ವ್ರತದಂತೆ ಪಾಲಿಸುವ ಮಹಾನುಭಾವರು ಈ ದೇಶದಲ್ಲಿ ಒಬ್ಬರಿದ್ದಾರೆ. ಅಕ್ಕಲಕೋಟೆಯಲ್ಲಿರುತ್ತಾರೆ. ನನ್ನ ಸ್ವಂತ ಕಾಕಾ! ಅವರು ಓಟಿಪಿಯನ್ನು ನೆರೆಯವರಿಗೆ ಹೇಳುವುದಿಲ್ಲ, ಹೆಂಡತಿಗೆ ಹೇಳುವುದಿಲ್ಲ, ಅಷ್ಟೇಕೆ, ಅದನ್ನು ಕಳಿಸಿದ ಬ್ಯಾಂಕಿಗೂ ಹೇಳುವುದಿಲ್ಲ!

ತಪ್ಪು ಪೂರ್ತಿ ಅವರದೆನ್ನಲಾರೆ. ಅವರ ನೌಕರಿಯೆಲ್ಲ ಒಂದು ಸರಕಾರಿ ಕಚೇರಿಯಲ್ಲಿ ಲಕೋಟೆಗಳ ಮೇಲೆ ‘ಗೋಪನೀಯ’ ಎಂಬ ಶಿಕ್ಕಾ ಹೊಡೆಯುವುದರಲ್ಲೇ ಮುಗಿಯಿತು. ಒಳಗೇನಿದೆ ಎಂದು ಒಮ್ಮೆಯೂ ಇಣುಕಿದವರಲ್ಲ. ಮನೆಯಲ್ಲೂ ಅದೇ ಶಿಸ್ತು. ಸಂತೆಯಿಂದ ಏನು ಕಾಯಿಪಲ್ಲೆ ತಂದಿದ್ದಾರೆ ಎಂಬುದನ್ನು ಅವರ ಹೆಂಡತಿ, ನಮ್ಮ ಕಾಕು, ಚೀಲ ಬಿಚ್ಚಿಯೇ ತಿಳಿಯಬೇಕು.

ಮೊಣಕಾಲು ನೋವಿನ ಮನುಷ್ಯ ಲೈಟ್ ಬಿಲ್ಲಿಗಾಗಿ ಪಾಳಿಯಲ್ಲಿ ನಿಲ್ಲುವುದೇಕೆಂದು, ಸೋಲಾಪುರದಲ್ಲಿ ಸಾಲೆಯ ಮಾಸ್ತರಿಣಿಯಾದ ನಾನು ಒಂದು ರವಿವಾರ ಎಸ್‌ಟಿ ಬಸ್ಸು ಹತ್ತಿ ಹೋಗಿ ಅವರಿಗೆ ಮೊಬೈಲಿನಲ್ಲಿ ಬ್ಯಾಂಕಿನ ವ್ಯವಹಾರ ಕಲಿಸಿದೆ. ಎಲ್ಲ ಸರಿಯಾಗಿಯೇ ಸಾಗಿತ್ತು. ಟಿಣ್ ಎಂದು ಓಟಿಪಿ ಬಂತು. ಕಾಕಾ ತಟ್ಟನೆ ಎದ್ದು, ಗೋಡೆಯ ಕಡೆ ಮುಖ ಮಾಡಿ, ತಲೆಯ ಮೇಲೆ ಟಾವೆಲು ಹೊದ್ದುಕೊಂಡು ಅದನ್ನು ಓದಿದರು. ಬಂದು ಕೈಕಟ್ಟಿ ಕೂತರು.

“ಮೊಬೈಲ್ ಮ್ಯಾಲ ಕಾಣೋ ಈ ಡಬ್ಬಿಯೊಳಗ ಅದನ್ನ ಬರೀರಿ ಕಾಕಾ.”

“ಹೆಂಗ ಬರೀಲಿ? ಯಾರಿಗೂ ಹೇಳಬ್ಯಾಡ್ರಿ ಅಂತ ಬರದಾರ.”

“ಅದು ಮಂದಿಗ್ರಿ. ಇದು ಬ್ಯಾಂಕಿಂದs ಡಬ್ಬಿ!”

“ಅವರs ಕಳಿಸ್ಯಾರ, ಅವರಿಗೆ ಗೊತ್ತೈತಿ. ಗೊತ್ತಿದ್ದದ್ದನ್ನ ಮತ್ತ ನನ್ನ ಕೇಳ್ತಾರಂದ್ರ, ಕೇಳಾವ ಬ್ಯಾರೆ ಯಾವನೋ ಇರಬೇಕು.”

ಈ ವಾದ ನಡೆದಿರುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿತ್ತು. ಆ ತಿಂಗಳ ಬಿಲ್ಲನ್ನು ಕಾಕಾ ಪಾಳಿಯಲ್ಲಿ ನಿಂತೇ ಕಟ್ಟಿದರು. ಪರಮ ಸಂತೋಷದಿಂದ!

ಮುಂದೆ ಹೇಗೋ ಮನಸ್ಸು ಕರಗಿ ಡಬ್ಬಿಯಲ್ಲಿ ಬರೆಯಲು ಒಪ್ಪಿದರು. ಆದರೆ ಸಂದೇಶದಿಂದ ಡಬ್ಬಿಗೆ ಬರುವಷ್ಟರಲ್ಲಿ ಅಂಕಿಗಳು ಮರೆತುಹೋಗುತ್ತಿದ್ದವು. ಅದಕ್ಕೆ ಅವರು ಕಂಡುಕೊಂಡ ಉಪಾಯ, ಎಡಚರಾದ್ದರಿಂದ ಬಲ ಅಂಗೈಯ ಮೇಲೆ ಪೆನ್ನಿನಿಂದ ಬರೆದುಕೊಳ್ಳುವುದು. ಬರೆದ ಮೇಲೆ ಮುಷ್ಟಿ ಕಟ್ಟಿಯೇ ತಿರುಗಾಟ. ಒಂದು ಗುರುವಾರ ಹಾಗೆಯೇ ಊರಿನ ಸ್ವಾಮಿಗಳ ಗುಡಿಗೆ ಹೋಗಿ ತೀರ್ಥಕ್ಕೆ ಎಡಗೈ ಚಾಚಿದರಂತೆ. ಪೂಜಾರಿ ಮರಾಠಿಯಲ್ಲಿ “ಉಜವಾ ಹಾತ, ಆಜೋಬಾ” ಎಂದು ಬಲಗೈ ಕೇಳಿದ. ಕಾಕಾ “ಉಘಡತ ನಾಹೀ” ಎಂದುಬಿಟ್ಟರು. ತೆರೆಯುವುದಿಲ್ಲ ಎಂಬುದನ್ನು ತೆರೆಯಲಾಗುವುದಿಲ್ಲ ಎಂದು ತಿಳಿದ ಆ ಪುಣ್ಯಾತ್ಮ ಕನಿಕರದಿಂದ ಮುಷ್ಟಿಗೆ ಗುಡಿಯ ಭಸ್ಮ ಹಚ್ಚಿ, ಲಕ್ವಾ ಹೊಡೆದ ಕೈ ಬೇಗ ವಾಸಿಯಾಗಲೆಂದು ಗಟ್ಟಿಯಾಗಿ ಪ್ರಾರ್ಥಿಸಿದ! ಹಿಂದಿದ್ದ ಭಕ್ತರೂ ಕೈಮುಗಿದರು. ಮನೆಗೆ ಬಂದು ಮುಷ್ಟಿ ಬಿಚ್ಚಿದರೆ, ಮುಂಜಾನೆಯೇ ಸತ್ತುಹೋದ ಓಟಿಪಿ ಬೆವರಿಗೆ ನೀಲಿಯಾಗಿ ಹರಡಿತ್ತು.

ಗ್ಯಾಸಿನ ಕಥೆ ಇನ್ನೂ ಘೋರ. ಈಗೀಗ ಸಿಲಿಂಡರ್ ಇಳಿಸಬೇಕಾದರೂ ಮೊಬೈಲಿಗೆ ಬಂದ ಕೋಡ್ ಹೇಳಬೇಕು. ಸಿಲಿಂಡರ್ ಹೊತ್ತವನು ಬಾಗಿಲಲ್ಲಿ ನಿಂತು “ಕಾಕಾ, ಕೋಡ್ ಸಾಂಗಾ ನಾ” ಎಂದು ಅಂಗಲಾಚಿದ. ಕಾಕಾ “ಸಾಂಗಣಾರ ನಾಹೀ!” ಎಂದು, ಹೇಳಲು ಒಪ್ಪದೆ, ಎದೆ ಸೆಟೆಸಿ ನಿಂತರು. ಒಳಗೆ ಅನ್ನ ಅರ್ಧ ಬೆಂದು ಒಲೆ ಆರಿತ್ತು. ಕಾಕು ಸೌಟು ಹಿಡಿದೇ ಹೊರಗೆ ಬಂದರು.

“ಏನ್ರೀ, ಆ ಕೋಡಿನಿಂದ ಅವ ನಿಮ್ಮ ಪೆನ್ಶನ್ ಹೊಡಕೊಂಡ ಹೋಗ್ತಾನೇನು?”

“ಇವತ್ತ ಗ್ಯಾಸಿಂದು ಕೇಳ್ತಾನ, ನಾಳೆ ಬ್ಯಾಂಕಿಂದು ಕೇಳ್ತಾನ. ಚಟಾ ಹಚ್ಚಬಾರದು.”

ಸಿಲಿಂಡರ್ ಬಂದ ದಾರಿಯಲ್ಲೇ ವಾಪಸು ಹೋಯಿತು. ಆ ದಿನ ಊಟಕ್ಕೆ ಕಡಕ್ ಭಾಕ್ರಿ, ಶೇಂಗಾ ಚಟ್ನಿ. ಮರುದಿನವೇ ಕಾಕು ಗ್ಯಾಸನ್ನು ತಮ್ಮ ನಂಬರಿಗೆ ಬದಲಾಯಿಸಿಕೊಂಡರು. ಕೋಡನ್ನು ಈಗ ಅವರು ಓಣಿಗೆಲ್ಲ ಕೇಳುವಂತೆ ಹೇಳುತ್ತಾರೆ.

ಇಂಥವರ ಕೈಗೆ ಒಬ್ಬ ಮೋಸಗಾರ ಸಿಕ್ಕರೆ? ಸಿಕ್ಕ! ತಾನು ಬ್ಯಾಂಕಿನ ಮ್ಯಾನೇಜರ್ ಎಂದು ಹಿಂದಿಯಲ್ಲಿ ಫೋನ್ ಮಾಡಿ ಓಟಿಪಿ ಕೇಳಿದ. ಕಾಕಾ ಫೋನ್ ಇಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಮ್ಯಾನೇಜರನಾಗಿ ಓಟಿಪಿ ಕೇಳುವುದು ಎಂಥ ದೊಡ್ಡ ಅಪರಾಧ, ನಿನ್ನ ನೌಕರಿ ಹೋದರೆ ಹೆಂಡತಿ ಮಕ್ಕಳ ಗತಿಯೇನು, ನಮ್ಮ ಕಾಲದಲ್ಲಿ ಲಕೋಟೆಗಳನ್ನು ಹೇಗೆ ಕಾಯುತ್ತಿದ್ದೆವು ಎಂದು ಉಪದೇಶ ಶುರುವಾಯಿತು. ಆತ ನಡುನಡುವೆ “ಜೀ ಚಾಚಾ, ಜೀ ಚಾಚಾ” ಎನ್ನುತ್ತಿದ್ದನಂತೆ. ಕೊನೆಗೆ ತಡೆಯಲಾರದೆ ಅವನೇ ಫೋನ್ ಕಟ್ ಮಾಡಿದ. ಕಾಕಾ ಬಿಡುತ್ತಾರೆಯೇ? ಮಾತು ಅರ್ಧಕ್ಕೇ ನಿಂತಿತಲ್ಲ ಎಂದು ತಿರುಗಿ ಫೋನ್ ಹಚ್ಚಿದರು! ಆತ ನಂಬರನ್ನೇ ಬಂದ್ ಮಾಡಿಕೊಂಡಿದ್ದ.

ಹೀಗೆ ನಗುತ್ತಲೇ ಇದ್ದೆವು. ಕಳೆದ ವರ್ಷ ಕಾಕುವಿಗೆ ಒಮ್ಮೆಲೇ ಹೊಟ್ಟೆನೋವು ಕಾಣಿಸಿಕೊಂಡಿತು. ಮೊದಲು ಪಿತ್ತ ಎಂದರು. ಮರುದಿನ ಮೈ ಕೆಂಡವಾಯಿತು. ಕಾಕಾ ಜೀಪು ಮಾಡಿಕೊಂಡು ಸೋಲಾಪುರದ ಆಸ್ಪತ್ರೆಗೆ ಕರೆತಂದರು, ನಾನೂ ಓಡಿದೆ. ಪಿತ್ತಕೋಶದಲ್ಲಿ ಹರಳಾಗಿ ಕೀವು ತುಂಬಿದೆ, ತಡಮಾಡದೆ ಆಪರೇಶನ್ ಆಗಬೇಕು ಎಂದರು ಡಾಕ್ಟರು. ಮುಂಗಡ ಹಣ ಕಟ್ಟಲು ಕೆಳಗಿನ ಕೌಂಟರಿಗೆ ಹೋದೆವು. ಎಟಿಎಂ ಕಾರ್ಡು ಎಲ್ಲಿ? ಅಕ್ಕಲಕೋಟೆಯ ಟ್ರಂಕಿನಲ್ಲಿ, ಎರಡು ಬೀಗದೊಳಗೆ! ನಾನು ಕಟ್ಟುತ್ತೇನೆ ಎಂದರೆ ಕಾಕಾ ಕೇಳಲಿಲ್ಲ. “ಆಕಿ ನನ್ನ ಹೆಂಡ್ತಿ. ನಾ ಕಟ್ತೀನಿ” ಎಂದರು. ಅವರ ಮೊಬೈಲಿಗೆ ನೆಟ್ ಸಿಗದೆ ನನ್ನ ಮೊಬೈಲಿನಲ್ಲೇ ಬ್ಯಾಂಕಿನ ಪುಟ ತೆರೆದುಕೊಟ್ಟೆ. ಆ ಗಾಬರಿಯಲ್ಲೂ “ನೀ ಅತ್ತಾಗ ನೋಡು ತಂಗೀ” ಎಂದು ನನ್ನ ಮುಖ ತಿರುಗಿಸಿಯೇ ಪಾಸ್‌ವರ್ಡ್ ಒತ್ತಿದರು.

ಅಷ್ಟರಲ್ಲಿ ಮೇಲಿನಿಂದ ನರ್ಸ್ ಕರೆದಳು. ಕಾಕುವನ್ನು ಒಳಗೆ ಒಯ್ಯುತ್ತಿದ್ದಾರೆ, ಸಹಿ ಬೇಕು. ಕಾಕಾ ನನ್ನ ಮೊಬೈಲನ್ನು ನನ್ನ ಕೈಗಿಟ್ಟು, ತಮ್ಮದನ್ನು ಕಿಸೆಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿಯೇಬಿಟ್ಟರು. ಓಟಿಪಿ ಬರುವುದು ಅವರ ಮೊಬೈಲಿಗೆ! ಫೋನ್ ಮಾಡಿದೆ.

“ಬಂದೈತಿ ತಂಗೀ. ಆದ್ರ ನಿನ್ನ ಫೋನ್ ಬಂತಂದ್ರ ಅದು ಕಾಣವಲ್ದು!”

“ಕಟ್ ಮಾಡಿ ನೋಡಿಕೊಂಡು ನೀವs ಹಚ್ರಿ.”

ಅವರು ಕಟ್ ಮಾಡಿ, ಕನ್ನಡಕ ಹುಡುಕಿ, ನೋಡಿ, ನನಗೆ ಹಚ್ಚುವಷ್ಟರಲ್ಲಿ ಅವಧಿ ಮುಗಿಯಿತು. ಇನ್ನೊಂದು ಸಲ ತರಿಸಿದೆ. ಫೋನ್ ಬರಲಿಲ್ಲ. ನಾನು ಅಂಗಳಕ್ಕೆ ಓಡಿ ಬಂದೆ. ಆಗ ಅಂಗಳದ ಮೇಲೆ, ಮೂರನೆಯ ಅಂತಸ್ತಿನ ಕಿಟಕಿ ಧಡ್ ಎಂದು ತೆರೆಯಿತು.

“ತಂಗೀ! ಬರ್ಕೋ! ನಾಕು! ಏಳು! ಸೊನ್ನಿ!”

ನನ್ನ ಕಾಕಾ! ಅರ್ಧ ಮೈ ಕಿಟಕಿಯ ಹೊರಗೆ! ಆಟೋದವರು, ಹಣ್ಣು ಮಾರುವವರು, ರೋಗಿಗಳ ಕಡೆಯವರು ಎಲ್ಲರೂ ತಲೆ ಎತ್ತಿದರು. ಕನ್ನಡ ನನಗೆ ಕೇಳಿಸಲಿಲ್ಲವೇನೋ ಎಂದು ಮರಾಠಿಯಲ್ಲಿ ಕೂಗಿದರು. “ಚಾರ! ಸಾತ! ಶೂನ್ಯ!” ಅದೂ ಸಾಲದೆಂದು ಹಿಂದಿ! ಚಹಾದ ಗಾಡಿಯವನು ನಡುವೆ ನಿಂತು “ತಾಯೀ, ಶೂನ್ಯ, ನಊ, ನಊ, ದೋನ!” ಎಂದು ಒಂದೊಂದೇ ಅಂಕಿಯನ್ನು ನನಗೆ ದಾಟಿಸಿದ. ಒತ್ತಿದೆ. ಹಣ ಹೋಯಿತು. ಕೈ ಎತ್ತಿ ತೋರಿಸಿದರೆ ಅಂಗಳದಲ್ಲಿ ಯಾರೋ ಚಪ್ಪಾಳೆ ಹೊಡೆದರು. ಕಾಕಾ ಮಾತ್ರ ಕಣ್ಣು ಮುಚ್ಚಿಕೊಂಡು ಇನ್ನೂ ಕೂಗುತ್ತಲೇ ಇದ್ದರು.

ನಗು ತಡೆಯುತ್ತ ಮೇಲೆ ಹೋದೆ. “ಏನ್ ಕಾಕಾ, ಇಡೀ ಸೋಲಾಪುರಕ್ಕ ಹೇಳಿಬಿಟ್ರಲ್ರಿ!” ಎನ್ನಬೇಕೆಂದಿದ್ದೆ. ಕಾಕಾ ಆಪರೇಶನ್ ಕೋಣೆಯ ಮುಚ್ಚಿದ ಬಾಗಿಲಿಗೆ ಎದುರಾಗಿ ನಿಂತಿದ್ದರು. ಕಾಕುವಿನ ಸವೆದ ಚಪ್ಪಲಿಗಳನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಿದ್ದರು.

“ಕೆಳಗ ಇಡ್ರಿ ಕಾಕಾ. ಕೂಡ್ರಿ ಒಂದೀಟು.”

“ಬ್ಯಾಡ. ಯಾರರ ಹಾಕ್ಕೊಂಡ ಹೋದ್ರ?” ಧ್ವನಿ ಪೂರ್ತಿ ಒಡೆದಿತ್ತು. “ಎದ್ದ ಕೂಡ್ಲೆ ಬೇಕಾಗ್ತಾವ ಆಕಿಗೆ.”

ಸಂಜೆಯ ಹೊತ್ತಿಗೆ ಡಾಕ್ಟರು ಹೊರಬಂದು ಎಲ್ಲ ಛಲೋ ಆಯಿತು ಎಂದರು. ಕಾಕುವನ್ನು ವಾರ್ಡಿಗೆ ತಂದರು, ಇನ್ನೂ ಎಚ್ಚರವಿರಲಿಲ್ಲ. ನಾಳೆಯವರೆಗೆ ಮಂಚದಿಂದ ಇಳಿಸಬೇಡಿ ಎಂದು ನರ್ಸ್ ಹೇಳಿ ಹೋದಳು. ಕಾಕಾ ಹೂಂ ಎಂದರು. ಆಮೇಲೆ ನೋಯುವ ಮೊಣಕಾಲನ್ನು ನೆಲಕ್ಕೆ ಊರಿ ಕೂತು, ಕಾಕು ಕಾಲು ಇಳಿಬಿಟ್ಟರೆ ನೇರ ಒಳಗೇ ಹೋಗಬೇಕು ಹಾಗೆ, ಆ ಚಪ್ಪಲಿಗಳನ್ನು ಮಂಚದ ಪಕ್ಕಕ್ಕೆ ಒಂದಕ್ಕೊಂದು ಜೋಡಿಸಿ ಇಟ್ಟರು.