ಶೇಖರಪ್ಪನವರ ಹೆಸರಿನಿಂದ ತಪ್ಪಿಸಿಕೊಂಡ ಹುಳು

೧೯೫೧ನೇ ಇಸವಿ ಆಗಸ್ಟ್ ೧೨, ಭಾನುವಾರ, ಬೆಳಿಗ್ಗೆ ಏಳೂಕಾಲು ಗಂಟೆಗೆ ಸತ್ಯನಾರಾಯಣಪೇಟೆಯ ನನ್ನ ಬಾಡಿಗೆ ಕೋಣೆಯಲ್ಲಿ ಇದನ್ನು ಬರೆಯಲು ಕುಳಿತಿದ್ದೇನೆ. ಮಗುವಿಗೆ ಹೆಸರಿಡುವುದು ಸುಲಭ. ಸೋದರತ್ತೆ ತೊಟ್ಟಿಲಿನ ಮೇಲೆ ಬಗ್ಗಿ ಕಿವಿಯಲ್ಲಿ ಕೂಗಿದರೆ ಮುಗಿಯಿತು. ಹೆಸರು ಹಿಡಿಸದಿದ್ದರೆ ಪುಟ್ಟ ಎಂದೋ ಗುಂಡ ಎಂದೋ ಕರೆದು ಕಾಲ ಹಾಕಬಹುದು. ಹುಳುವಿನ ಸಂಗತಿ ಹಾಗಲ್ಲ. ಅದಕ್ಕೆ ಲ್ಯಾಟಿನ್ನಿನಲ್ಲಿ ಎರಡು ಮಾತಿನ ಹೆಸರು ಬೇಕು. ಮೊದಲನೆಯದು ಕುಲದ್ದು, ಎರಡನೆಯದು ಅದರ ಸ್ವಂತದ್ದು. ಒಮ್ಮೆ ಅಚ್ಚಾಯಿತೆಂದರೆ ಇಟ್ಟವನು ಕೂಡ ಸುಲಭವಾಗಿ ಅಳಿಸುವಂತಿಲ್ಲ. ಈ ಕೊನೆಯ ನಿಯಮ ಕಳೆದ ತಿಂಗಳು ನನ್ನ ನಿದ್ದೆಯನ್ನು ತಿಂದುಹಾಕಿತು.

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬೇಸಿಗೆಯಲ್ಲಿ ಹುಡುಗರನ್ನು ರಾಮೇಶ್ವರದ ಕಡಲಿಗೆ ಕರೆದುಕೊಂಡು ಹೋದಾಗ ಕೆಸರಿನಲ್ಲಿ ಒಂದು ಬಿರುಗೂದಲ ಹುಳು ಸಿಕ್ಕಿತು. ಗೇಣುದ್ದದ್ದು. ಮೈತುಂಬ ಉಂಗುರಗಳು, ಪ್ರತಿ ಉಂಗುರದ ಎರಡು ಪಕ್ಕಕ್ಕೂ ದೋಣಿಯ ಹುಟ್ಟಿನಂಥ ಒಂದೊಂದು ಕಾಲು, ಕಾಲಿನ ತುದಿಗೆ ಕೆಸರು ಮೆತ್ತಿದ ಒಂದು ಹಿಡಿ ಬಿರುಸು ಕೂದಲು. ಅದನ್ನು ಸ್ಪಿರಿಟ್ಟಿನ ಸೀಸೆಯಲ್ಲಿಟ್ಟುಕೊಂಡು ಬಂದೆ. ಕಾಲೇಜಿಗೆ ರಜೆ, ಲ್ಯಾಬಿಗೆ ಬೀಗ. ಹೀಗಾಗಿ ಸೀಸೆಯನ್ನು ಹಿಡಿದೇ ಸಿರುಗುಪ್ಪದ ಅಕ್ಕನ ಮನೆಗೆ ಹೊರಟೆ.

ಬಸ್ಸು ಕುರುಗೋಡು ಸುತ್ತಿ ಹೋಗುವಂಥದ್ದು. ಕುರುಗೋಡಿನಲ್ಲಿ ಒಬ್ಬ ಕಾನ್‌ಸ್ಟೇಬಲ್ ಹತ್ತಿ ನನ್ನ ಸೀಸೆಯನ್ನು ಮೂಸಿದ. ಪಾನನಿರೋಧ ಜಾರಿಯಲ್ಲಿರುವ ಜಿಲ್ಲೆ ನಮ್ಮದು.

“ಏನ್ರಿ ಮೇಷ್ಟ್ರ, ಹುಳ ಹಾಕಿದ್ರ ನಮಗ ಗೊತ್ತಾಗಂಗಿಲ್ಲೇನು?” ಎಂದ.

“ಇದು ಕುಡಿಯುವುದಕ್ಕಲ್ಲಪ್ಪಾ, ಹುಳು ಕೆಡದಿರಲಿ ಅಂತ.”

“ಎಲ್ರೂ ಒಂದೊಂದು ಕಾರಣ ಹೇಳ್ತಾರ್ರಿ. ಈ ಕಾರಣ ಮಾತ್ರ ಹೊಸಾದು,” ಎಂದು ಸ್ಪಿರಿಟ್ಟನ್ನೆಲ್ಲ ಕಿಟಕಿಯಿಂದ ಚೆಲ್ಲಿ, ಹುಳುವನ್ನು ಮರ್ಯಾದೆಯಿಂದ ವಾಪಸು ಕೊಟ್ಟ.

ಸಿರುಗುಪ್ಪ ಮುಟ್ಟಿದವನೇ ಅಕ್ಕನ ಮುಂದೆ ಗೋಳಾಡಿದೆ. ಅಕ್ಕ ಉಪ್ಪಿನಕಾಯಿ ಹಾಕುವುದರಲ್ಲಿ ಓಣಿಗೇ ಹೆಸರಾದವಳು. “ಅಷ್ಟಕ್ಯಾಕ ಅಳ್ತೀಯೋ? ಕೊಡು ಇಲ್ಲಿ,” ಎಂದು ಸೀಸೆಯನ್ನು ಒಳಗೆ ಒಯ್ದು, ಗಟ್ಟಿ ಉಪ್ಪುನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮೂಲೆಗಿಟ್ಟಳು. ರಜೆಯುದ್ದಕ್ಕೂ ಅದನ್ನು ನಾನು ಬಿಚ್ಚಲಿಲ್ಲ.

ಜುಲೈನಲ್ಲಿ ಲ್ಯಾಬಿನಲ್ಲಿ ಕುಳಿತು ಹುಳುವಿನ ಕುಲಗೋತ್ರ ವಿಚಾರಿಸಲು ತೊಡಗಿದೆ. ಸ್ಪಿರಿಟ್ಟಿಗೆ ಪರವಾನಗಿ ಬಂದಿರಲಿಲ್ಲ. ಕದಡಿದ ಹಳೆಯ ನೀರು ಚೆಲ್ಲಿ ಹುಳುವನ್ನು ಹೊಸ ಉಪ್ಪುನೀರಿನಲ್ಲೇ ಇಟ್ಟಿದ್ದೆ. ಇಂಥ ಕೆಲಸಕ್ಕಿರುವ ಪುಸ್ತಕ ಪ್ರಶ್ನೆ ಕೇಳುತ್ತ ಹೋಗುತ್ತದೆ. ಕಣ್ಣು ನಾಲ್ಕಿದ್ದರೆ ಇಂಥ ಪ್ರಶ್ನೆಗೆ ಹೋಗಿ, ಮೀಸೆ ಇಲ್ಲದಿದ್ದರೆ ಇನ್ನೊಂದಕ್ಕೆ ಹೋಗಿ. ಅಪರಿಚಿತ ಊರಿನಲ್ಲಿ ಮನೆ ಹುಡುಕಿದ ಹಾಗೆ. ಕುಲದ ಬಾಗಿಲವರೆಗೆ ಸುಖವಾಗಿ ಬಂದೆ. ಅಲ್ಲಿ ನಿಂತುಬಿಟ್ಟೆ. ನನ್ನ ಹುಳುವಿನ ಕೂದಲು ಬಂಗಾರದಂಥ ಹಳದಿ. ಪುಸ್ತಕದಲ್ಲಿ ಹಳದಿ ಕೂದಲಿನದು ಒಂದೂ ಇಲ್ಲ! ಕೆಡದಂತಿಟ್ಟ ಪ್ರಾಣಿಗಳ ಬಣ್ಣವನ್ನು ನಂಬಬೇಡಿರೆಂದು ಮುನ್ನುಡಿಯಲ್ಲಿ ಬರೆದಿತ್ತು. ಮುನ್ನುಡಿ ಓದುವ ಅಭ್ಯಾಸ ನನಗಿಲ್ಲ. ಹೊಸ ಪ್ರಭೇದ ಸಿಕ್ಕಿತೆಂದು ಪ್ರಿನ್ಸಿಪಾಲರ ಕೋಣೆಗೆ ಓಡಿದೆ.

ಪ್ರಿನ್ಸಿಪಾಲರಿಗೆ ನನಗಿಂತ ಹೆಚ್ಚು ಉತ್ಸಾಹ. “ಹೆಸರು ನಮ್ಮ ಅಧ್ಯಕ್ಷರದೇ ಇಡೋಣ. ಶೇಖರಪ್ಪ, ಅದಕ್ಕೊಂದು ‘ಐ’ ಸೇರಿಸಿದರೆ ಲ್ಯಾಟಿನ್ ಆಯಿತು. ಶೇಖರಪ್ಪೈ! ನಿಮ್ಮ ನೌಕರಿಯೂ ಖಾಯಂ ಆದಂತೆಯೇ,” ಎಂದರು. ಶೇಖರಪ್ಪನವರು ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕರು, ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು. ಖಾಯಂ ಆಗಬೇಕಾದವರ ಕಾಗದಕ್ಕೆಲ್ಲ ಅವರದೇ ರುಜು. ಸಮುದ್ರದ ಒಂದು ಜೀವಿಗೆ ತಮ್ಮ ಹೆಸರೆಂದು ಕೇಳಿ ಅವರು ಬೀಗರಿಗೆಲ್ಲ ಹೇಳಿಕೊಂಡರು. ಬೀಗರು ಅದನ್ನು ತಿಮಿಂಗಿಲದಷ್ಟು ಬೆಳೆಸಿದರು. ಮುಂದಿನ ಸೋಮವಾರ ನೋಡಲು ಬರುತ್ತೇನೆಂದು ಅಧ್ಯಕ್ಷರಿಂದ ಸುದ್ದಿ ಬಂತು. ಹುಳು ಕಂಡು ಅವರು ಸಿಟ್ಟಾದರೆ ನೌಕರಿ ಹೋಯಿತು. ಹೆಸರು ಬದಲಿಸಿದರೆ ಅವಮಾನವೆಂದುಕೊಂಡಾರು, ಆಗಲೂ ಹೋಯಿತು.

ಶನಿವಾರ ಧೈರ್ಯ ತಂದುಕೊಳ್ಳಲು ಅಕ್ಕನ ಮನೆಗೆ ಹೋಗಿ, ಊಟಕ್ಕೆ ಕುಳಿತಾಗ ಹಳದಿ ಕೂದಲಿನ ಮಹಿಮೆಯನ್ನು ವರ್ಣಿಸಿದೆ.

“ಹಳದಿ ಆಗದ ಮತ್ತೇನಾಗ್ತೈತಿ? ಅರಿಷಿಣ ಹಾಕೀನಲ್ಲ,” ಎಂದಳು ಅಕ್ಕ.

“ಅರಿಷಿಣ ಯಾಕೆ ಹಾಕಿದೆ ಅಕ್ಕಾ?”

“ಬರೇ ಉಪ್ಪಿನಾಗ ಯಾರರ ಇಡ್ತಾರೇನಲೇ? ಹುಳ ಹಿಡಿಯಂಗಿಲ್ಲೇನು?”

ಹುಳುವಿಗೆ ಹುಳ ಹಿಡಿಯದಿರಲೆಂದು ಅರಿಷಿಣ! ಭಾನುವಾರ ಲ್ಯಾಬಿಗೆ ಬಂದವನೇ ನಾಲ್ಕು ಕೂದಲು ಕಿತ್ತು, ಎಲೆಯಡಿಕೆಗೆ ಇಟ್ಟುಕೊಂಡಿದ್ದ ಸುಣ್ಣವನ್ನು ನೀರಿನಲ್ಲಿ ಕಲಸಿ ಹಾಕಿದೆ. ಕೆಂಪಾಯಿತು. ನಮ್ಮ ಹೊಸ ಪ್ರಭೇದ ಕಣ್ಣೆದುರಿಗೇ ಓಕುಳಿ ನೀರಾಯಿತು.

ಸೋಮವಾರ ಶೇಖರಪ್ಪನವರು ಜರಿ ರುಮಾಲು ಸುತ್ತಿಕೊಂಡು ಬಂದರು. ನಾನು ಬಾಯಿ ತೆರೆಯುವ ಮೊದಲೇ ಪ್ರಿನ್ಸಿಪಾಲರು ತಟ್ಟೆಯ ಮೇಲಿನ ಬಟ್ಟೆ ಸರಿಸಿಬಿಟ್ಟರು. ಶೇಖರಪ್ಪನವರು ಬಗ್ಗಿ ನೋಡಿದರು. ತಟ್ಟೆಯ ಆಚೆ ಈಚೆ ಹುಡುಕಿದರು.

“ಜೀವಿ ಎಲ್ಲೈತ್ರಿ?”

“ಇದೇ ಸರ್,” ಎಂದರು ಪ್ರಿನ್ಸಿಪಾಲರು.

“ಇದಾ?” ಎಂದು ಅವರು ಜರಿ ರುಮಾಲು ತೆಗೆದು ಕೈಯಲ್ಲಿ ಹಿಡಿದರು. “ಬೀಗರು ನಾಳೆ ನೋಡಾಕ ಬರೋರದಾರ್ರಿ,” ಎಂದು ಮೆಲ್ಲಗೆ ಹೇಳಿ ಕುರ್ಚಿಯಲ್ಲಿ ಕುಸಿದರು.

ನಾನು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿನಲ್ಲಿ ಹೇಳಿದೆ: “ತಪ್ಪಾಗಿದೆ ಸರ್. ಇದು ಹೊಸದಲ್ಲ. ಅರಿಷಿಣ ಹತ್ತಿದೆ. ನಿಮ್ಮ ಹೆಸರು ಇಡಲು ಬರುವುದಿಲ್ಲ.”

“ಖರೇನ? ಬರಂಗs ಇಲ್ಲ?”

“ಇಲ್ಲ ಸರ್.”

ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಮರ್ಯಾದಿ ಉಳಿಸಿದಿರಿ ಮೇಷ್ಟ್ರ! ಪ್ರಿನ್ಸಿಪಾಲರ, ಇವರ ಕಾಗದ ತರ್ರಿ, ಇಲ್ಲೇ ರುಜು ಹಾಕ್ತೀನಿ. ಒಂದs ಮಾತು, ಇನ್ನ ಮ್ಯಾಲೆ ಹೊಸಾದು ಏನೂ ಕಂಡುಹಿಡೀಬ್ಯಾಡ್ರಿ.”

ಹೊಸದನ್ನು ಕಂಡುಹಿಡಿಯದೆ ಇದ್ದುದಕ್ಕೆ ನೌಕರಿ ಖಾಯಂ ಆದ ಪ್ರಾಣಿಶಾಸ್ತ್ರಜ್ಞ ಬಹುಶಃ ನಾನೊಬ್ಬನೇ. ಅಂದು ರಾತ್ರಿ ತಿಂಗಳ ನಿದ್ದೆಯನ್ನೆಲ್ಲ ಸೇರಿಸಿ ಮಲಗಿದೆ.

ಆದರೆ ಹುಳು ಇನ್ನೂ ಹೆಸರಿಲ್ಲದೆ ಕುಳಿತಿದೆ. ಈಗ ಸ್ಪಿರಿಟ್ಟು ಬಂದಿದೆ, ಹಳದಿ ಬಿಟ್ಟುಹೋಗಿದೆ. ಆದರೂ ಪುಸ್ತಕದ ಯಾವ ಪ್ರಭೇದಕ್ಕೂ ಅದು ಪೂರ್ತಿ ಹೊಂದುತ್ತಿಲ್ಲ. ಕಣ್ಣು ನಾಲ್ಕು, ಕೂದಲಿನ ತುದಿಗೆ ಕುಡುಗೋಲಿನಂಥ ಬಾಗು, ದವಡೆಗೆ ಗರಗಸದ ಹಲ್ಲು. ಇದರ ಹೆಸರು ಬಲ್ಲ ಓದುಗರು ದಯಮಾಡಿ ನನಗೆ ಬರೆದು ತಿಳಿಸಬೇಕು. ಇದು ನಿಜವಾಗಿಯೂ ಹೊಸದೆಂದು ಯಾರಿಗಾದರೂ ಖಚಿತವಾದರೆ ಮಾತ್ರ, ಕೈಮುಗಿದು ಕೇಳುತ್ತೇನೆ, ಬರೆಯಬೇಡಿ.