ಪ್ರಿಂಟರ್ ಪಕ್ಕದ ಕುರ್ಚಿ

ಪ್ರಿಂಟರಿನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಸಿಕ್ಕಿಕೊಂಡ ಹಾಳೆಯನ್ನು ಜಾಮಣ್ಣ ಸೂಲಗಿತ್ತಿಯ ಹಾಗೆ ಮೆಲ್ಲಗೆ ಎಳೆಯುತ್ತಿದ್ದ. ಹಾಳೆ ಜಾಮ್ ಆದಾಗಲೆಲ್ಲ ಅವನನ್ನೇ ಕೂಗಿ ಕೂಗಿ ಆಫೀಸಿನವರು ಇಟ್ಟ ಹೆಸರು ಅದು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಅವನ ಮೇಜು ಪ್ರಿಂಟರಿಗೆ ಅಂಟಿಕೊಂಡೇ ಇತ್ತು. ಅದೇ ಅವನ ಗ್ರಹಚಾರ. ಕಿಟಕಿ ಪಕ್ಕದ ಖಾಲಿ ಜಾಗ ಕೊಡಿ ಎಂದು ಸಾಹೇಬರಿಗೆ ಅರ್ಜಿ ಬರೆಯುವುದು, ಪ್ರಿಂಟ್ ತೆಗೆದು ಅವರ ಬಾಗಿಲವರೆಗೆ ಹೋಗುವುದು, ಅಲ್ಲಿಂದಲೇ ಹಿಂದಿರುಗಿ ಹರಿದುಹಾಕುವುದು ವರ್ಷಗಳಿಂದ ನಡೆದಿತ್ತು. ತನ್ನಷ್ಟು ಧೈರ್ಯವಂತ ಆ ಬಾಗಿಲಿನ ಈಚೆ ಇಲ್ಲ, ಆಚೆ ಮಾತ್ರ ಲೆಕ್ಕಕ್ಕಿಲ್ಲ ಎಂದು ಅವನೇ ನಗುತ್ತಿದ್ದ.

"ಸುದ್ದಿ ಕೇಳಿದ್ಯಾ?" ಎಂದಳು ಎದುರು ಮೇಜಿನ ಟಪಾಲಕ್ಕ. ಆಫೀಸಿನ ಕಾಗದವೆಲ್ಲ ಹೊರಗೆ ಹೋಗುವುದು ಅವಳ ಕೈಯಿಂದ, ಸುದ್ದಿ ಬಾಯಿಂದ. "ಯಾರ್ಯಾರು ಏನೇನು ಪ್ರಿಂಟ್ ತೆಗೆದ್ರು ಅಂತ ಸಾಹೇಬ್ರು ಇವತ್ತು ನೋಡ್ತಾರಂತೆ. ಎಲ್ಲಾ ಸರ್ವರ್‌ನಲ್ಲಿ ಇರುತ್ತಂತೆ."

"ಎಷ್ಟು ಹಾಳೆ ಅಂತ ಇರುತ್ತೆ, ಅಷ್ಟೇ ಬಿಡಿ ಅಕ್ಕ."

"ಹಾಳೆಗೆ ಹಾಳೆನೇ ಇರುತ್ತಂತೆ ಕಣೋ. ಫೋಟೋ ಹಿಡಿದ ಹಾಗೆ."

ಜಾಮಣ್ಣನ ಕೈ ಒಳಗೇ ನಿಂತಿತು. ಮೊದಲ ಅರ್ಜಿಯನ್ನು ಅವನು ಸಿಟ್ಟಿನಲ್ಲಿ ಬರೆದಿದ್ದ.

ಕಂಪ್ಯೂಟರ್ ರಿಪೇರಿಯವನ ಕೋಣೆಗೆ ಓಡಿದ. "ನನ್ನವು ಒಂದೆರಡು ಅಳಿಸಿಬಿಡಪ್ಪ. ನಿನ್ನ ಕಾಲಿಗೆ ಬೀಳ್ತೀನಿ."

"ಒಂದೆರಡಾ? ಆಫೀಸಿನ ಪ್ರಿಂಟೆಲ್ಲ ನಿಮ್ಮ ಹೆಸರಲ್ಲೇ ಇದೆಯಲ್ಲ ಸಾರ್. ಮಕ್ಕಳ ಭೂಪಟ, 'ಮನೆ ಬಾಡಿಗೆಗಿದೆ', ಬೊಜ್ಜು ಕರಗಿಸೋ ವಿಧಾನ. ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ರಾ?"

"ಛೆ, ಯಾರಿಗೂ ಹೇಳಿಲ್ಲ. ಪದೇ ಪದೇ ಕೇಳ್ತಾರೆ ಅಂತ ಕಂಪ್ಯೂಟರ್ ಮೇಲೆ ಬರೆದು ಅಂಟಿಸಿದೀನಿ."

ರಿಪೇರಿಯವನು ಅವನನ್ನು ಒಮ್ಮೆ ನೋಡಿದ. "ಅಳಿಸೋಕಾಗಲ್ಲ. ಅಳಿಸಿದ್ರೆ ಅಳಿಸಿದ್ದೂ ಅದರಲ್ಲಿ ಬರುತ್ತೆ."

ಅಷ್ಟರಲ್ಲಿ ಸಾಹೇಬರಿಂದ ಕರೆ ಬಂತು. ಕೆಲಸವೇ ಹೋಯಿತು ಎಂದುಕೊಂಡು ಜಾಮಣ್ಣ ಮೊದಲ ಸಲ ಆ ಬಾಗಿಲನ್ನು ದಾಟಿದ.

"'ನಿಮಗೆ ಕಣ್ಣು ಕಾಣುವುದಿಲ್ಲವೇ' ಅಂತ ಶುರು ಮಾಡಿದೀರಿ," ಎಂದರು ಸಾಹೇಬರು ಪರದೆಯಿಂದ ಕಣ್ಣೆತ್ತದೆ. "ಹೋದ ವಾರದ ಅರ್ಜಿಯಲ್ಲಿ 'ತಮ್ಮ ಪಾದದ ಧೂಳಾದ ನಾನು' ಅಂತಿದೆ. ನಡುವಿನದು ಯಾವುದನ್ನ ಕೊಟ್ಟಿದ್ರೂ ಜಾಗ ಕೊಡ್ತಿದ್ದೆನಲ್ರೀ."

"ತಪ್ಪಾಯ್ತು ಸಾರ್. ಆದ್ರೆ ಆ ಬೊಜ್ಜು ಕರಗಿಸೋದು ನಂದಲ್ಲ," ಎಂದ, ಕಡ್ಡಿಯಂತಿದ್ದ ಜಾಮಣ್ಣ.

"ಅದು ನಿಮ್ಮದಲ್ಲ ಅಂತ ನನಗೆ ಗೊತ್ತು," ಎಂದು ಸಾಹೇಬರು ಹೊಟ್ಟೆ ಮರೆಯಾಗುವ ಹಾಗೆ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಮತ್ತೇನೂ ಕೇಳದೆ ಧೂಳಿನ ಅರ್ಜಿಯನ್ನೇ ಪ್ರಿಂಟ್ ಮಾಡಿಸಿ ಸಹಿ ಹಾಕಿದರು. "ಇವತ್ತೇ ಕೂತ್ಕೊಳ್ಳಿ. ಇದನ್ನ ಕೇಂದ್ರ ಕಚೇರಿಗೆ ಕಳಿಸಿ. ಅರ್ಜಿ ಒಂದು ಸಲ ಅಲ್ಲಿಗೆ ಹೋದ್ರೆ ಆಮೇಲೆ ಜಾಗ ಬದಲಾಯಿಸೋ ಹಾಗಿಲ್ಲ."

"ರಿಟೈರ್ ಆಗೋವರೆಗೂ ಬೇಡ ಸಾರ್."

ಅರ್ಜಿಯನ್ನು ಟಪಾಲಕ್ಕನ ಕೈಗಿತ್ತು, ಜಾಮಣ್ಣ ಮೇಜನ್ನು ತಾನೇ ದೂಡಿಕೊಂಡು ಕಿಟಕಿಗೆ ಹೋದ. ಹೊರಗೆ ಮರ, ಬಿಸಿಲು, ಗೇಟು. ಹೊಸ ಅಳಿಯನ ಹಾಗೆ ಕಾಲು ಚಾಚಿ ಕುಳಿತ.

ಉಸಿರು ಬಿಡುವುದರೊಳಗೆ ಇಬ್ಬರು ಜವಾನರು ಏದುಸಿರು ಬಿಡುತ್ತ ಪ್ರಿಂಟರನ್ನು ಹೊತ್ತು ತಂದು ಅವನ ಪಕ್ಕಕ್ಕೇ ಇಳಿಸಿದರು. ಕಿಟಕಿ ಮುಕ್ಕಾಲು ಮುಚ್ಚಿತು.

"ಇದ್ಯಾಕ್ರಪ್ಪಾ ಇಲ್ಲಿ?"

"ಸಾಹೇಬ್ರು ಹೇಳಿದ್ರು. ಆಫೀಸಲ್ಲಿ ಪ್ರಿಂಟ್ ತೆಗೆಯೋರು ನೀವೊಬ್ರೇ ಅಂತೆ. ನೀವು ಎಲ್ಲೋ ಇದೂ ಅಲ್ಲೇ ಇರ್ಬೇಕಂತೆ."

ಜಾಮಣ್ಣ ಟಪಾಲಕ್ಕನ ಬಳಿಗೆ ಹಾರಿದ. "ಅಕ್ಕಾ, ಆ ಅರ್ಜಿ ಕೊಡಿ. ಸ್ವಲ್ಪ ತಿದ್ದೋದಿದೆ."

"ಮತ್ತೆ ಹರಿಯೋಕಾ? ನಿನ್ನ ಬುದ್ಧಿ ನಂಗೊತ್ತಿಲ್ವೇನೋ? ಅದಕ್ಕೇ ನಾಳೆವರೆಗೂ ಕಾಯದೆ ನಾನೇ ಕೆಳಗೆ ಓಡಿಹೋಗಿ ಗಾಡಿಗೆ ಹಾಕಿ ಬಂದೆ," ಎಂದಳು ಅವಳು, ಇನ್ನೂ ತೇಕುತ್ತ.

ಜಾಮಣ್ಣ ಹಿಂದಿರುಗಿ ಪ್ರಿಂಟರಿನ ಮೇಲಿಂದ ಇಣುಕಿದ. ಟಪಾಲು ಗಾಡಿ ಗೇಟು ದಾಟುತ್ತಿತ್ತು.