ಮಚ್ಛೇಂದ್ರನ ಎರಡು ವರ್ಷ

ಗಡಿಯೂರು ಮೆಹಕರದ ಶಾಲೆಯ ಹೆಡ್‌ಮಾಸ್ತರರು ಮಚ್ಛೇಂದ್ರನ ವಯಸ್ಸಿನಿಂದ ಎರಡು ವರ್ಷ ತೆಗೆದುಹಾಕಿದರು. ಅವನು ಅಪ್ಪ ಅವ್ವನ ಜೊತೆ ಹೈದರಾಬಾದಿನ ಇಟ್ಟಿಗೆ ಭಟ್ಟಿಯಲ್ಲಿದ್ದು, ಎಂಟು ತುಂಬಿದ ಮೇಲೆ ಒಂದನೇ ಇಯತ್ತೆಗೆ ಬಂದಿದ್ದ. ರಜಿಸ್ಟರಿನಲ್ಲಿ ಆರು ಎಂದು ಬರೆದರು. ಹುಟ್ಟಿದ ದಿನ, ಊರಿನ ಉಳಿದೆಲ್ಲ ಮಕ್ಕಳಂತೆ, ಜೂನ್ ಒಂದು.

ಹತ್ತು ವರ್ಷ ಅದು ಯಾರಿಗೂ ನೆನಪಾಗಲಿಲ್ಲ. ಬರಗಾಲಕ್ಕೆ ಲಾತೂರಿಗೆ ರೈಲಿನಲ್ಲಿ ನೀರು ಬಂದ ವರ್ಷ, ಆಟದ ವಿಡಿಯೊ ನೋಡಿದ ಮಸ್ಕತ್ತಿನ ಫುಟ್‌ಬಾಲ್ ಕ್ಲಬ್ಬೊಂದು ಮಚ್ಛೇಂದ್ರನನ್ನು ಗೋಲ್‌ಕೀಪರ್ ಆಗಿ ಬಾ ಎಂದು ಕರೆಯಿತು. ಭಟ್ಟಿಯಲ್ಲಿ ಎಸೆದ ಇಟ್ಟಿಗೆ ಹಿಡಿದು ಬೆಳೆದ ಕೈ ಅವನದು. ಇಟ್ಟಿಗೆ ಬಿಟ್ಟರೆ ಕಾಲು ಜಜ್ಜುತ್ತಿತ್ತು. ಹಾಗಾಗಿ ಬಿಡುವ ಅಭ್ಯಾಸವೇ ಅವನಿಗಿರಲಿಲ್ಲ.

ಅವನಿಗೆ ಆಟ ಕಲಿಸಿದ ಬೀದರಿನ ಕೋಚ್ ಅಯ್ಯುಬ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದ. ಅಪ್ಪ ಈಗಲೂ ಭಟ್ಟಿಯಲ್ಲೇ ಇದ್ದ; ಊರಲ್ಲಿ ನೀರಿನ ಟ್ಯಾಂಕರಿನ ಸಾಲಿನಲ್ಲಿದ್ದ ಅವ್ವ ಅನುಸೂಯಾಬಾಯಿ, ಕಂಕುಳಲ್ಲಿ ಕೊಡ ಇದ್ದುದರಿಂದ, ಫೋನನ್ನು ಸ್ಪೀಕರಿಗೆ ಹಾಕಿದಳು. ಅಲ್ಲೇ ಕೆಟ್ಟಿತು.

"ಬಾಯೀ, ಹದಿನೆಂಟು ತುಂಬದ ಪೋರಗ ಆಟಕ್ಕಂತ ಬ್ಯಾರೆ ದೇಶಕ್ಕ ಒಯ್ಯಂಗಿಲ್ಲ ಅಂತ ಕಾಯ್ದೆ ಅದ. ಕಾಗದದಾಗ ಇವನಿಗಿ ಹದಿನಾರು. ಇವತ್ತೇ ಏನರೆ ಮಾಡ್ರಿ."

"ಹಡದಾಕಿ ನಾ ಇದ್ದೀನ್ರಿ. ಹದಿನೆಂಟು ಆಗ್ಯಾವ!"

"ಅವ್ರು ನಿಮ್ಮ ಮಾತು ಕೇಳಂಗಿಲ್ಲ ಬಾಯಿ, ಕಾಗದ ನೋಡ್ತಾರ."

ಸಾಲು ಮುರಿದು ಅವಳ ಸುತ್ತ ನೆರೆಯಿತು. ಯಾರ ಕೆಲಸವಿದ್ದರೂ ತನ್ನದನ್ನು ಬಿಟ್ಟು ಓಡುವ, ಅವಳನ್ನು ಅತ್ತಿಗೆಯೆಂದೇ ಕರೆಯುವ ನೆರೆಮನೆಯ ವೈಜಿನಾಥ ಆಗಲೇ ಮೊಬೈಲಿನಲ್ಲಿ ಕಾಯ್ದೆ ಹುಡುಕುತ್ತಿದ್ದ.

"ವೈನೀ, ಸಿಕ್ತು! ಗಡಿಯಿಂದ ಐವತ್ತು ಕಿಲೋಮೀಟರಿನಾಗ ಇದ್ದವರಿಗಿ ಮಾಫಿ ಅದಂತ. ನಮ್ಮ ಗಡಿ ಇಲ್ಲೇ ಅದಲಾ!"

"ಅರೆ ವೈಜಿನಾಥ, ಅದು ದೇಶದ ಗಡಿ," ಎಂದು ಫೋನಿನೊಳಗಿಂದ ಅಯ್ಯುಬ ನರಳಿದ. "ನಿಮ್ಮದು ಮಹಾರಾಷ್ಟ್ರದ್ದು."

ಕೊನೆಗೆ ಮಚ್ಛೇಂದ್ರನ ಹೆರಿಗೆ ಮಾಡಿಸಿದ ಹೀರಾಬಾಯಿಯನ್ನೇ ನೋಟರಿ ವಕೀಲರ ಮುಂದೆ ಸಾಕ್ಷಿಗೆ ಒಯ್ಯುವುದೆಂದಾಯಿತು. ಭಾಲ್ಕಿಗೆ ಹೊರಟ ಟಂಟಂ ರಿಕ್ಷಾದಲ್ಲಿ ಮುದುಕಿ, ಅವ್ವ, ಮಗ, ವೈಜಿನಾಥ ಮತ್ತು ಕೆಲಸವಿಲ್ಲದ ಆರು ಮಂದಿ ಜೋಳದ ಚೀಲದಂತೆ ಒಬ್ಬರ ಮೇಲೊಬ್ಬರು ಕೂತರು.

"ಯಾವ ವರ್ಷ ಹುಟ್ಟಿದಾನ?" ಕೇಳಿದರು ನೋಟರಿ ವಕೀಲರು.

"ಬರ ಬಿದ್ದಿತ್ತು," ಎಂದಳು ಹೀರಾಬಾಯಿ.

"ಯಾವ ಬರ?"

"ಮೇವಿಲ್ಲದ್ದು."

"ಏ ಇಲ್ಲ ಆಯಿ, ಅದು ನೀರಿಲ್ಲದ್ದು," ಎಂದ ವೈಜಿನಾಥ. ಉಳಿದ ಆರು ಮಂದಿಗೆ ಆರು ಬರ ನೆನಪಾದವು. ವಕೀಲರು ಮೇಜು ಗುದ್ದುವವರೆಗೂ ಜಗಳ ನಿಲ್ಲಲಿಲ್ಲ.

"ಸುಮ್ಕಿರ್ರಿ!" ಹೀರಾಬಾಯಿ ಗದರಿದಳು. "ಲಾತೂರ ಭೂಕಂಪ ಆಗಿ ಐದನೇ ವರ್ಷ, ಸಂಕ್ರಾಂತಿ ಮರುದಿನ. ಹುಟ್ಟಿದಾಂವ ನನ್ನ ಬೆರಳು ಹಿಡದು ಬಿಡ್ಲೇ ಇಲ್ಲ."

ವಕೀಲರು ಬೆರಳು ಮಡಿಚಿ ಎಣಿಸಿದರು. ಹದಿನೆಂಟು! ಛಾಪಾ ಕಾಗದದ ಮೇಲೆ ಬರೆದು ಮುದ್ರೆ ಒತ್ತಿದರು. ಮಂದಿ ಊರಿಗೆ ಮರಳಿತು. ಅವ್ವ ಮಗ ಬೀದರಿನ ಬಸ್ಸು ಹತ್ತಿದರು. ವೈಜಿನಾಥನೂ ಹತ್ತಿದ.

ಅಯ್ಯುಬ ಕಾಗದ ನೋಡಿ ಕುಣಿದ. ಕ್ಲಬ್ಬಿನ ಪತ್ರದ ಎರಡನೇ ಪುಟವನ್ನು ಆಗ ಮೊದಲ ಸಲ ಓದಿದ. ಮುಖ ಗಾಳಿ ಹೋದ ಚೆಂಡಾಯಿತು.

"ಬಾಯೀ, ನನ್ನದೇ ತಪ್ಪು. ಅವ್ರಿಗಿ ಬೇಕಾಗಿದ್ದು ಹದಿನೇಳರ ಒಳಗಿನ ಟೀಮಿಗಿ. ಹದಿನೆಂಟಾದ್ರ ಕ್ಲಬ್ಬಿಗಿ ಬ್ಯಾಡ, ಹದಿನಾರಾದ್ರ ಕಾಯ್ದೆ ಬಿಡಂಗಿಲ್ಲ."

"ಹಂಗಾದ್ರ ನಾ ಎಷ್ಟು ವರ್ಷದಾಂವ ಇರಬೇಕ್ರಿ ಸರ್?" ಕೇಳಿದ ಮಚ್ಛೇಂದ್ರ.

ವೈಜಿನಾಥ ಆಗಲೇ ಮತ್ತೆ ಮೊಬೈಲು ತಿಕ್ಕುತ್ತಿದ್ದ.

"ಇನ್ನೊಂದು ಸಿಕ್ತು! ಆಟಕ್ಕಲ್ಲದೆ, ದುಡೀಲಿಕ್ಕಂತ ಅವ್ವರೆ ಅಪ್ಪರೆ ಆ ದೇಶಕ್ಕ ಹೋದ್ರ, ಸಣ್ಣ ಪೋರನೂ ಸಂಗಟ ಹೋಗಿ ಆಡಬಹುದಂತ!"

ಅಯ್ಯುಬ ಜಿಗಿದೆದ್ದ. ಅವನ ಅಕ್ಕ ಮಹಮೂದಾ ಬೇಗಂ ಮಸ್ಕತ್ತಿನಲ್ಲೇ ಮೆಸ್ ನಡೆಸುತ್ತಿದ್ದಳು. ಫೋನ್ ಮಾಡಿದ. "ರೊಟ್ಟಿ ಬಡೀಲಿಕ್ಕ ಬರ್ಲಿ, ಕರಕೋತೀನಿ," ಎಂದಳು ಆಕೆ. ಐದು ನಿಮಿಷದಲ್ಲಿ ಛಾಪಾ ಕಾಗದ ಅಯ್ಯುಬನ ಟ್ರಂಕಿನ ತಳ ಸೇರಿತು, ಮಚ್ಛೇಂದ್ರ ಮತ್ತೆ ಹದಿನಾರಾದ, ಅಯ್ಯುಬ ಹೊಸ ಹಾಳೆ ಬರೆದ: 'ನಾನು ಹೊಟ್ಟೆಪಾಡಿಗಾಗಿ ಮಸ್ಕತ್ತಿಗೆ ಹೋಗುತ್ತಿದ್ದೇನೆ. ಮಗನ ಆಟಕ್ಕೂ ಇದಕ್ಕೂ ಸಂಬಂಧವಿಲ್ಲ.'

ಓದಿ ಹೇಳಿ, ಶಾಯಿ ಡಬ್ಬಿ ಮುಂದಿಟ್ಟ. "ಹೆಬ್ಬಟ್ಟು ಒತ್ರಿ ಬಾಯಿ."

ಅನುಸೂಯಾಬಾಯಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡಳು.

"ಇವ ಇಟ್ಟಂಗಿ ಹಿಡೀವಾಗ ಆರು ವರ್ಷದಾಂವ. ಅವಾಗ ಯಾವ ಕಾಯ್ದೆನೂ ಇವನ ವಯಸ್ಸು ಕೇಳ್ಲಿಲ್ಲ. ಜಲ್ಮೆಲ್ಲ ಹೊಟ್ಟಿಗಂತ ಊರು ಬಿಟ್ಟಾಕಿ ನಾ. ಈ ಸಲ ಹೋದ್ರ ಮಗ ಆಡೂದು ನೋಡ್ಲಿಕ್ಕೇ ಹೋಗ್ತೇನಿ. ಹಂಗೇ ಬರೀರಿ."

"ಹಂಗ ಬರದ್ರ ಕಾಯ್ದೆ ಬಿಡಂಗಿಲ್ಲ ಬಾಯಿ!" ಎಂದ ಅಯ್ಯುಬ.

"ವೈನೀ, ಒಂದು ಸಾಲಿನ ಮಾತು. ಒತ್ತಿಬಿಡ್ರಿ!"

ಅವಳು ಡಬ್ಬಿಯನ್ನು ಆಚೆ ನೂಕಿದಳು. ಅದು ಮೇಜಿನಿಂದ ಜಾರಿತು. ನೆಲ ಮುಟ್ಟುವ ಮೊದಲೇ ಮಚ್ಛೇಂದ್ರನ ಕೈಯಲ್ಲಿತ್ತು.

"ಶಾಬಾಸ್!" ವೈಜಿನಾಥ ಕೂಗಿದ. "ಇಡು ಇನ್ನ ಅವ್ವನ ಮುಂದ!"

ಮಚ್ಛೇಂದ್ರ ಅವ್ವನ ಮುಷ್ಟಿ ನೋಡಿದ. ಡಬ್ಬಿಯ ಮುಚ್ಚಳ ಒತ್ತಿ ಹಾಕಿದ.

"ಇಡಂಗಿಲ್ಲ ಕಾಕಾ," ಎಂದ.